ಪೌಡರ್ ಹಚ್ಚದ ಒಂದು ಫೋಟೋ

ಬೆಟಗೇರಿ
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರಾ ಎಂಬತ್ತೇಳು

ಹಸಿರು ಸೀರೆಯ ತಾಯಿಯವರಿಗೆ,

ಮೇಲಿನ ತಾರೀಖು ನೋಡಿ, ಇದು ಯಾರೋ ತಲೆ ಸರಿಯಿಲ್ಲದವರು ಬರೆದದ್ದು ಎಂದು ಕಾಗದ ಮಡಚಿ ಇಡಬೇಡಿ. ನಿಮ್ಮ ಫೆಬ್ರವರಿ ಮೂವತ್ತರವರೆಗೆ ಹೋಗುವುದಿಲ್ಲ ಎಂದು ಕೇಳಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳೂ ಸಮ. ವರ್ಷದ ಕೊನೆಗೆ ಮಿಕ್ಕುವ ದಿನಗಳಿಗೆ ಹೆಸರಿಲ್ಲ, ಆ ದಿನಗಳಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರ ಎನಿಸಬಹುದು. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ದಿನಕ್ಕೆ ನಾಲ್ಕು ಸಾಲು ದಿನಚರಿ ಬರೆಯುವ ರೂಢಿ ಬಿಟ್ಟರೆ ಬೇರೆ ಬರೆದದ್ದಿಲ್ಲ, ಗುರುತಿಲ್ಲದವರಿಗಂತೂ ಎಂದೂ ಬರೆದಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನ ಕಾಲದವರಿಗೆ ಬರೆಯುವ ಓಲೆ. ನಮ್ಮ ಸೀಮೆಯಲ್ಲಿ ತೊಗಲುಮನೆ ಎಂದು ಒಂದು ಇದೆ. ಕ್ಯಾನ್ಸರಿಗೆ ಕೊಡುವ ಮದ್ದುಗಳಿಂದ ರೋಗಿಗಳ ಚರ್ಮಕ್ಕೆ ಏನೇನು ತೊಂದರೆಯಾಗುತ್ತದೆ ಎಂದು ಅಲ್ಲಿ ಸಂಶೋಧನೆ ಮಾಡುತ್ತಾರೆ. ಅವರ ಆರೈಕೆಯಲ್ಲಿದ್ದ ಯಾರಾದರೂ ತೀರಿಕೊಂಡರೆ, ಉಳಿದವರನ್ನು ಕೂರಿಸಿ ಒಂದು ಹಿಂದೋಲೆ ಬರೆಸುವುದು ಅಲ್ಲಿಯ ಪದ್ಧತಿ. ಅದು ಮುಟ್ಟುತ್ತದೆ ಎಂದು ಯಾರೂ ಖಾತ್ರಿ ಕೊಡುವುದಿಲ್ಲ. ಬರೆದವರಿಗೆ ಹಗುರಾಗುತ್ತದೆ ಎನ್ನುತ್ತಾರೆ. ನನಗಿನ್ನೂ ಹಾಗೆ ಅನ್ನಿಸಿಲ್ಲ. ಯಾರಿಗೆ ಬರೆಯಬೇಕು ಎಂದು ಮಾತ್ರ ನನಗೆ ಮೊದಲಿನಿಂದಲೂ ಗೊತ್ತಿತ್ತು.

ನಿಮ್ಮನ್ನು ನಾನು ಒಂದು ಫೋಟೋದಲ್ಲಿ ನೋಡಿದ್ದೇನೆ. ನಿಮ್ಮ ಕಾಲದ ಯಾವುದೋ ಆಸ್ಪತ್ರೆಯಲ್ಲಿ, ನಮ್ಮ ಸೀಮೆಯ ಕ್ಯಾನ್ಸರ್ ರೋಗಿಗಳ ಚರ್ಮದ ಅಭ್ಯಾಸಕ್ಕೆಂದು ತೆಗೆದದ್ದು. ಹೆಸರಿಲ್ಲ. ರೋಗಿಗಳ ಗುರುತು ಹೊರಗೆ ಬೀಳಬಾರದು ಎಂದು ಆಗಲೇ ತೆಗೆದಿದ್ದಾರಂತೆ. ಹಸಿರು ಸೀರೆ ಉಟ್ಟಿದ್ದೀರಿ, ಅಂಚು ಕಂದು ಬಣ್ಣದ್ದು. ತಲೆಯಲ್ಲಿ ಮಲ್ಲಿಗೆಯ ದಂಡೆ ಇದೆ. ತುಟಿ ಮುಚ್ಚಿಕೊಂಡೇ ನಕ್ಕಿದ್ದೀರಿ. ಹಣೆಯಿಂದ ಗದ್ದದವರೆಗೆ ಮುಖ ಒಂದು ಬಣ್ಣ, ಗದ್ದದ ಕೆಳಗೆ ಕುತ್ತಿಗೆ ಇನ್ನೊಂದು ಬಣ್ಣ. ಈ ಕಾಗದ ಬರೆಯುತ್ತಿರುವುದು ಆ ಎರಡು ಬಣ್ಣಗಳ ಸಲುವಾಗಿ.

ನನ್ನ ಹೆಸರು ಫಕೀರವ್ವ. ನನ್ನ ಅಕ್ಕನ ಹೆಸರು ದ್ಯಾಮವ್ವ. ಅಕ್ಕನ ಗಂಡ ಗಾಳಿಯಿಂದ ಕರೆಂಟು ಮಾಡುವ ಗಾಳಿಕಂಬದ ಮೇಲಿನಿಂದ ಬಿದ್ದು ಸತ್ತ. ನಾನು ಮದುವೆಯಾಗಲಿಲ್ಲ. ನಾವಿಬ್ಬರೂ ಸೇರಿ ಒಂದು ಖಾನಾವಳಿ ನಡೆಸುತ್ತಿದ್ದೆವು. ಕಪ್ಪತಗುಡ್ಡದ ಸಾಲಿನಲ್ಲಿ ನಿಮ್ಮ ಕಾಲಕ್ಕೂ ಕೆಲವು ಗಾಳಿಕಂಬಗಳಿದ್ದವಂತೆ. ಈಗ ಗುಡ್ಡಕ್ಕಿಂತ ಕಂಬಗಳೇ ಹೆಚ್ಚು ಕಾಣುತ್ತವೆ. ಅವುಗಳನ್ನು ಹತ್ತಿ ಇಳಿಯುವ ಆಳುಗಳೇ ನಮ್ಮ ಗಿರಾಕಿಗಳು. ಕರೆಂಟು ಒಂದೊಂದು ಓಣಿಗೆ ಒಂದೊಂದು ಹೊತ್ತು ಬರುತ್ತದೆ, ಅದಕ್ಕೆ ಗಾಳಿಪಾಳಿ ಎನ್ನುತ್ತೇವೆ. ಬಿಸಿಲೇರಿದ ಮೇಲೆ ಮುಚ್ಚುಹೊತ್ತು, ಆಗ ಎಲ್ಲ ಬಾಗಿಲುಗಳನ್ನೂ ಹಾಕಿ ಒಳಗೆ ಮಲಗಿರಬೇಕು. ಊಟ ಅದಕ್ಕಿಂತ ಮುಂಚೆ ಒಮ್ಮೆ, ಬಿಸಿಲು ಇಳಿದ ಮೇಲೆ ಒಮ್ಮೆ. ಅಕ್ಕಿ ಹಬ್ಬಕ್ಕೆ ಮಾತ್ರ. ಜೋಳ ಈ ಬಿಸಿಲನ್ನೂ ತಡೆದುಕೊಂಡಿತು, ಹಾಗಾಗಿ ನಾವೂ ತಡೆದುಕೊಂಡೆವು. ರೊಟ್ಟಿ ಬಡಿಯುವ ಯಂತ್ರ ಊರಿನಲ್ಲಿದ್ದರೂ ಆಳುಗಳು ಅಕ್ಕನ ಕೈರೊಟ್ಟಿಯನ್ನೇ ಕೇಳುತ್ತಿದ್ದರು. “ಮಿಷಿನ್ ರೊಟ್ಟಿ ಉಂಡು ಕಂಬಾ ಹತ್ತಿದ್ರ ನಡುವ ನಿದ್ದಿ ಬರತೈತಿ, ಹುಷಾರಪಾ” ಎಂದು ಅಕ್ಕ ಅವರನ್ನು ಹೆದರಿಸುತ್ತಿದ್ದಳು. ಮಾತು ಅವಳದು. ನಾನು ಪಲ್ಯ ಮಾಡುತ್ತಿದ್ದೆ, ಪಾತ್ರೆ ತೊಳೆಯುತ್ತಿದ್ದೆ.

ಅಕ್ಕನ ಶ್ವಾಸಕೋಶದಲ್ಲಿ ಗಡ್ಡೆ ಸಿಕ್ಕಿತು. ಇದಕ್ಕೆ ಈಗ ಗುರಿಮದ್ದು ಎಂಬ ಗುಳಿಗೆ ಇದೆ. ನಿಮ್ಮ ಕಾಲದಲ್ಲಿಯೂ ಇದರ ಅಜ್ಜ-ಮುತ್ತಜ್ಜ ಇದ್ದವಂತೆ. ನೀವು ತೆಗೆದುಕೊಳ್ಳುತ್ತಿದ್ದದ್ದೂ ಅಂಥದ್ದೇ ಇರಬೇಕು. ದಿನಕ್ಕೊಂದು ನುಂಗಿದರೆ ಗಡ್ಡೆ ಬೆಳೆಯದೆ ಸುಮ್ಮನೆ ಕೂರುತ್ತದೆ, ವರ್ಷಗಟ್ಟಲೆ ಬದುಕಬಹುದು. ಆದರೆ ಗಡ್ಡೆ ಬೆಳೆಯಲು ಯಾವ ದಾರಿ ಹಿಡಿಯುತ್ತದೆಯೋ, ಚರ್ಮ ಹೊಸದಾಗಲೂ ಅದೇ ದಾರಿ ಬೇಕಂತೆ. ಅದನ್ನು ಮುಚ್ಚಿದರೆ ಎರಡಕ್ಕೂ ಮುಚ್ಚಿದಂತೆ. ಮುಖದಲ್ಲಿ, ಎದೆಯ ಮೇಲೆ ಗುಳ್ಳೆ ಏಳುತ್ತವೆ. ಚರ್ಮ ಒಣಗಿ ಸುಲಿಯುತ್ತದೆ. ಬೆರಳ ತುದಿ ಸೀಳುತ್ತದೆ, ಉಗುರುಸುತ್ತು ಆಗುತ್ತದೆ. ಬೇಗ ಕಂಡರೆ ಕೆಲವು ದಿನ ಗುಳಿಗೆ ನಿಲ್ಲಿಸಿ, ಮುಲಾಮು ಹಚ್ಚಿ, ಚರ್ಮ ವಾಸಿಯಾದ ಮೇಲೆ ಮತ್ತೆ ಶುರು ಮಾಡುತ್ತಾರೆ. ತಡವಾಗಿ ಕಂಡರೆ ಹುಣ್ಣಿನಲ್ಲಿ ಕೀವಾಗಿ ನಂಜು ರಕ್ತಕ್ಕೆ ಏರುತ್ತದೆ. ಆಮೇಲೆ ಆ ಗುಳಿಗೆಯನ್ನು ಮತ್ತೆ ಕೊಡಲು ಬರುವುದಿಲ್ಲ. ಅಕ್ಕನ ಜೀವವೆಲ್ಲ ಹೊತ್ತಿಗೆ ಸರಿಯಾಗಿ ಕಾಣುವುದರ ಮೇಲೆ ನಿಂತಿತ್ತು.

ಕಾಣುವ ಕೆಲಸ ನೋಡುಗನದು. ಓಣಿಯ ತುದಿಯ ಗೋಡೆಯಲ್ಲಿ ಮೊರದಷ್ಟು ಅಗಲದ ಗಾಜು ಇರುತ್ತದೆ, ಅದಕ್ಕೆ ನೋಡುಗ ಎಂದು ಹೆಸರು. ಸಂತೆಯ ದಿನ ಗುರಿಮದ್ದಿನವರೆಲ್ಲ ಹೋಗಿ ಅದರ ಮುಂದೆ ನಿಲ್ಲಬೇಕು. ಅದು ಮುಖವನ್ನು ನೋಡಿ ನಿರಾಳ, ನಿಗಾ, ನಿಲ್ಲಿಸು, ಈ ಮೂರರಲ್ಲಿ ಒಂದು ಮಾತು ಹೇಳುತ್ತದೆ. ಚರ್ಮದ ಡಾಕ್ಟರು ನಮ್ಮ ಇಡೀ ಸೀಮೆಗೆ ಒಬ್ಬರೇ. ಅವರು ಊರಿಂದೂರಿಗೆ ತಿರುಗುತ್ತಾರೆ, ನಮ್ಮ ಕಡೆ ಬರುವುದು ಅಪರೂಪ. ಹಾಗಾಗಿ ನೋಡುಗ ಹೇಳಿದ್ದೇ ಮಾತು. ಅಕ್ಕನಿಗೆ ಅದು ಪ್ರತಿ ಸಲವೂ ನಿರಾಳ ಎಂದೇ ಹೇಳಿತು. “ಇದರ ಕಣ್ಣಿಗೆ ನಾ ಯಾವಾಗಲೂ ಚಲೋನ ಕಾಣತೀನಿ. ನನ್ನ ಗಂಡನೂ ಇಷ್ಟ ಹೊಗಳಿರಲಿಲ್ಲ” ಎಂದು ಅಕ್ಕ ದಾರಿಯುದ್ದಕ್ಕೂ ನಗುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಮೂಗಿನ ಎರಡೂ ಬದಿಗೆ ಸಣ್ಣ ಗುಳ್ಳೆಗಳಿದ್ದವು. ಬೆರಳ ತುದಿ ಸೀಳಿ, ಬಿಸಿನೀರು ಹಾಕಿ ಹಿಟ್ಟು ನಾದುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅರಿವೆ ಕಟ್ಟಿಕೊಂಡು ಬಡಿದಳು. ಗುಳ್ಳೆ ಎದ್ದರೆ ಮದ್ದು ಹತ್ತಿದೆ ಎಂದೇ ಅರ್ಥ ಎಂದು ಯಾರೋ ಹೇಳಿದ್ದರು, ಅದನ್ನೇ ಹಿಡಿದುಕೊಂಡಳು. ಅದು ಅರ್ಧ ನಿಜವೂ ಹೌದಂತೆ. ಆಮೇಲೆ ಕೆನ್ನೆ, ಹಣೆ, ಗದ್ದ ಎಲ್ಲ ಬೂದಿ ಬಣ್ಣಕ್ಕೆ ತಿರುಗಿತು. ನಮ್ಮಂಥ ಕಪ್ಪು ಚರ್ಮ ಒಣಗಿ ಸುಲಿಯುವಾಗ ಹಾಗೆಯೇ ಕಾಣುತ್ತದೆ, ಕೆಂಪಗಲ್ಲ. ಅದು ನಮಗೆ ಗೊತ್ತಿರಲಿಲ್ಲ. ನಮ್ಮದು ಹಿಟ್ಟಿನ ಮನೆ. ಪಾತ್ರೆಯ ಮೇಲೆ, ರೆಪ್ಪೆಯ ಮೇಲೆ, ದೇವರ ಪಟದ ಗಾಜಿನ ಮೇಲೆ ಸಹ ಜೋಳದ ಹಿಟ್ಟು ಕೂತಿರುತ್ತದೆ. ಉಣ್ಣಲು ಬಂದ ಒಬ್ಬ ಆಳು, “ದ್ಯಾಮಕ್ಕಾ, ಮಾರಿಗೆ ಹಿಟ್ಟ ಹತ್ತೇತಿ ನೋಡ” ಎಂದ. ಅಕ್ಕ ಸೆರಗಿನಿಂದ ಒರೆಸಿಕೊಂಡು, “ರೊಟ್ಟಿ ಬಡಿಯಾಕಿ ಮಾರಿಗೆ ಹಿಟ್ಟ ಹತ್ತದ ಬಂಗಾರ ಹತ್ತತೈತೇನೊ” ಎಂದಳು. ಎಲ್ಲರೂ ನಕ್ಕರು. ಒರೆಸಿದರೂ ಅದು ಹೋಗಿರಲಿಲ್ಲ. ಮುಂದಿನ ಸಂತೆಯ ದಿನವೂ ನೋಡುಗ ನಿರಾಳ ಎಂದಿತು.

ಮೊದಲ ಮಳೆಯಾದ ಮೇಲೆ ನದಾಫ್ ಡಾಕ್ಟರು ನಮ್ಮೂರಿಗೆ ಬಂದರು. ಪೂರ್ತಿ ಹೆಸರು ಮೆಹಜಬೀನ್ ನದಾಫ್, ನಾನು ಹೇಳಿದ ಚರ್ಮದ ಡಾಕ್ಟರು ಅವರೇ, ತೊಗಲುಮನೆಯ ಸಂಶೋಧನೆಯೂ ಅವರದೇ. ನಮ್ಮ ಖಾನಾವಳಿಗೆ ಅವರು ಬಂದದ್ದು ಊಟಕ್ಕೆ. ತಟ್ಟೆಗೆ ರೊಟ್ಟಿ ಹಾಕುತ್ತಿದ್ದ ಅಕ್ಕನ ಕೈ ಹಿಡಿದು ಕೂರಿಸಿಕೊಂಡರು. ಬೆರಳಿನ ಹಿಂಬದಿಯಿಂದ ಅವಳ ಕೆನ್ನೆ ಮುಟ್ಟಿ ನೋಡಿದರು.

“ಅಕ್ಕಾರ, ಈ ಬೂದಿ ಬಣ್ಣ ಯಾವಾಗಿಂದ?”

“ಜೋಳದ ಹಿಟ್ಟರಿ ಅದು.”

“ಹಿಟ್ಟಲ್ಲರಿ. ಇದು ನಿಮ್ಮ ತೊಗಲು.”

“ನೋಡುಗ ನಿರಾಳ ಅಂದೈತಲ್ಲರಿ?”

ಡಾಕ್ಟರು ಊಟ ಬಿಟ್ಟು ಎದ್ದರು. ಅಕ್ಕನನ್ನು ಕರೆದುಕೊಂಡು ಓಣಿಯ ತುದಿಗೆ ಹೋಗಿ ನೋಡುಗನ ಮುಂದೆ ನಿಲ್ಲಿಸಿದರು. ಅದು ನಿರಾಳ ಎಂದಿತು. ಇನ್ನೊಮ್ಮೆ ನಿಲ್ಲಿಸಿದರು. ಮತ್ತೆ ಅದನ್ನೇ ಹೇಳಿತು. ಅಂದೇ ಅವರು ತಾವಾಗಿ ಗುಳಿಗೆ ನಿಲ್ಲಿಸಿ ಅಕ್ಕನನ್ನು ತೊಗಲುಮನೆಗೆ ಸೇರಿಸಿಕೊಂಡರು. ಅಷ್ಟರಲ್ಲಿ ಎರಡು ಬೆರಳುಗಳ ಉಗುರುಸುತ್ತಿನಲ್ಲಿ ಕೀವಾಗಿತ್ತು. ಆ ವಾರವೇ ನಡುಗುವ ಜ್ವರ ಬಂತು.

ಆ ಜ್ವರದಿಂದ ಅಕ್ಕ ಎದ್ದಳು. ಆದರೆ ಇನ್ನು ಮೇಲೆ ಆ ಗುಳಿಗೆ ಇಲ್ಲ ಎಂದು ಡಾಕ್ಟರು ಹೇಳಿದರು. ಅದನ್ನು ಹೇಳುವಾಗ ಅವರು ಅಕ್ಕನ ಮುಖವನ್ನೇ ನೋಡಿ ಹೇಳಿದರು, ನನ್ನ ಕಡೆ ತಿರುಗಲಿಲ್ಲ. ಅದು ನನಗೆ ಸರಿ ಎನ್ನಿಸಿತು. ಅಕ್ಕ, “ಅದು ಯಾಕ ತಪ್ಪು ಹೇಳಿತು ಅನ್ನೂದನ್ನರೆ ನೋಡ್ರಿ. ಆ ಗಾಜಿನ ಮುಂದ ನಾ ಒಬ್ಬಾಕೆ ನಿಂದರಾಂಗಿಲ್ಲ” ಎಂದಳು.

ಡಾಕ್ಟರು ಹುಡುಕಿದರು. ನೋಡುಗ ಯಾವುದನ್ನು ನೋಡಿ ನೋಡುವುದನ್ನು ಕಲಿತಿತ್ತೋ ಆ ಹಳೆಯ ಫೋಟೋಗಳನ್ನೆಲ್ಲ ತರಿಸಿದರು. ನನಗೆ ತಿಳಿದಷ್ಟು ಹೇಳುತ್ತೇನೆ. ಹಿಂದಿನ ಕಾಲದ ಫೋಟೋಗಳಲ್ಲಿ ಬಹುಪಾಲು ಬಿಳಿಯ ಜನರವು, ಅವರಿಗೆ ಚರ್ಮ ಕೆಟ್ಟರೆ ಕೆಂಪಗಾಗುತ್ತದೆ. ನಮ್ಮ ಬಣ್ಣದವರ ಫೋಟೋಗಳು ಬಹಳ ಕಡಿಮೆ. ಅದಕ್ಕೇ ನಮ್ಮ ಸೀಮೆಯದೇ ಒಂದು ಕಟ್ಟು ಸಿಕ್ಕಾಗ ನೋಡುಗನನ್ನು ಮಾಡಿದವರು ಖುಷಿಪಟ್ಟರಂತೆ. ಆ ಕಟ್ಟಿನಲ್ಲಿ ನೀವೂ ಇದ್ದೀರಿ. ಫೋಟೋ ತೆಗೆದವರು ಒಂದು ಕಡೆ, ಅದನ್ನು ನೋಡಿ ತೊಂದರೆ ಎಷ್ಟು ಎಂದು ಬರೆದವರು ದೂರದ ಇನ್ನೊಂದು ಊರಿನಲ್ಲಿ. ನಿಮ್ಮ ಫೋಟೋದ ಕೆಳಗೆ, ನಿಮ್ಮ ಹಿಂದೆ ಮುಂದೆ ಇರುವ ಎಲ್ಲ ಹೆಂಗಸರ ಫೋಟೋಗಳ ಕೆಳಗೆ, ಏನೂ ಇಲ್ಲ ಎಂದೇ ಬರೆದಿದ್ದಾರೆ.

ಆ ಫೋಟೋಗಳನ್ನು ಡಾಕ್ಟರು ಅಕ್ಕನ ಹಾಸಿಗೆಯ ಮೇಲೆ ಹರಡಿದರು. “ಕುತ್ತಿಗಿ ನೋಡ್ರಿ ಅಕ್ಕಾರ. ಮಾರಿ ಒಂದ ಬಣ್ಣ, ಕುತ್ತಿಗಿ ಒಂದ ಬಣ್ಣ. ಒಬ್ಬರದಲ್ಲ, ಎಲ್ಲಾರದೂ” ಎಂದರು. ಅಕ್ಕ ಕೈಗೆ ಅರಿವೆ ಸುತ್ತಿಕೊಂಡಿದ್ದಳು, ನಾನು ಒಂದೊಂದನ್ನೇ ಎತ್ತಿ ತೋರಿಸಿದೆ. ಮುಖಗಳೆಲ್ಲ ತೆಳ್ಳಗೆ ಬೂದಿ ಬಳಿದಂತಿದ್ದವು. ಅದು ಏನು ಎಂದು ನಮಗೆ ಮೂವರಿಗೂ ತಿಳಿಯಲಿಲ್ಲ. ಆಮೇಲೆ ಡಾಕ್ಟರು ಗದಗಿನ ಹಳೆಸಾಮಾನಿನ ಮನೆಯಿಂದ ಒಂದು ತುಕ್ಕು ಹಿಡಿದ ಡಬ್ಬಿ ತಂದರು. ಅದರ ತಲೆಗೆ ಸಣ್ಣ ತೂತುಗಳಿದ್ದವು. ಬಳಪದ ಕಲ್ಲನ್ನು ನುಣ್ಣಗೆ ಅರೆದು ಸುವಾಸನೆ ಸೇರಿಸಿದ ಪುಡಿ, ಪೌಡರ್ ಎನ್ನುತ್ತಿದ್ದರು ಎಂದು ಅಲ್ಲಿಯವರು ಹೇಳಿದರಂತೆ. ಕಲ್ಲಿನ ಗಣಿಗಳು ಮುಚ್ಚಿ ಎಷ್ಟೋ ಕಾಲವಾಗಿದೆ, ನಮ್ಮಲ್ಲಿ ಯಾರೂ ಅದನ್ನು ಹಚ್ಚುವುದಿಲ್ಲ. ನಿಮ್ಮಲ್ಲಿ ಹೆಂಗಸರು ಹೊರಗೆ ಹೊರಟರೆ, ಮನೆಗೆ ಮಂದಿ ಬಂದರೆ ಮುಖ ತೊಳೆದು ಅದನ್ನು ಹಚ್ಚಿಕೊಳ್ಳುತ್ತಿದ್ದರಂತೆ. ಫೋಟೋ ಎಂದರೆ ತಪ್ಪದೆ ಹಚ್ಚಿಕೊಳ್ಳುತ್ತಿದ್ದರಂತೆ.

ಹೀಗೆ ನಿಮ್ಮ ಪೌಡರಿನ ಕೆಳಗೆ ನಿಮ್ಮ ಹುಣ್ಣು ಮುಚ್ಚಿಹೋಯಿತು. ಬೂದಿ ಬಣ್ಣದ ಮುಖವೆಂದರೆ ನಮ್ಮ ಜನರಲ್ಲಿ ಆರೋಗ್ಯದ ಮುಖ ಎಂದು ನೋಡುಗ ಕಲಿತುಕೊಂಡಿತು. ನನ್ನ ಅಕ್ಕ ಬೂದಿಯಾಗುತ್ತ ಹೋದಷ್ಟೂ ಅದಕ್ಕೆ ಆರೋಗ್ಯವಾಗಿ ಕಂಡಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ನಿಮ್ಮ ಮೇಲೂ ಬಂತು, ಮುಚ್ಚಿಡುವುದಿಲ್ಲ. ಅಕ್ಕನಿಗೆ ಬರಲಿಲ್ಲ. ಅವಳು ನಿಮ್ಮ ಫೋಟೋವನ್ನೇ ಬಹಳ ಹೊತ್ತು ನೋಡಿದಳು. “ಪಾಪ, ಫೋಟೋ ತೆಗಸಾಕ ಹೊಂಟಾಳ. ಗುಳ್ಳಿ ಮಾರಿ ಹೊತಗೊಂಡು ಮಂದಿ ಮುಂದ ಹೆಂಗ ನಿಂದರಬೇಕ? ನಾ ಇದ್ದರೂ ಹಚಗೋತಿದ್ದೆ” ಎಂದಳು. ಆಮೇಲೆ, “ಫಕೀರಿ, ಮಲ್ಲಿಗಿ ನೋಡ. ಎಷ್ಟ ಚಂದ ಮುಡದಾಳ” ಎಂದಳು. ಆ ದಿನದಿಂದ ನಿಮಗೆ ನಮ್ಮಲ್ಲಿ ಹಸಿರು ಸೀರೆಯಾಕಿ ಎಂದೇ ಹೆಸರು. ನಿಮ್ಮ ಬಗ್ಗೆ ಅವಳು ನಮ್ಮ ಓಣಿಯವರ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದಳು. ಗಂಡ ಜೊತೆಗೆ ಬಂದಿದ್ದನೋ ಇಲ್ಲವೋ, ಉಪ್ಪು-ಖಾರ ಕಲಸುವಾಗ ಬೆರಳು ಉರಿದರೆ ಏನು ಮಾಡುತ್ತಿದ್ದಳೋ, ಸೀಳಿದ ಚರ್ಮಕ್ಕೆ ಆ ಪುಡಿ ತಾಗಿದಾಗ ಎಷ್ಟು ಉರಿದಿತ್ತೋ, ಉರಿದರೂ ಹೇಗೆ ನಕ್ಕಳೋ ಎಂದು.

ನೋಡುಗನಿಗೆ ಹೊಸದಾಗಿ ಕಲಿಸಬೇಕಿತ್ತು. ಅದಕ್ಕೆ ನಮ್ಮ ಬಣ್ಣದ, ಏನೂ ಹಚ್ಚದ ಮುಖಗಳು ಬೇಕು, ಕೆಡುವ ಮೊದಲಿನಿಂದ ಕೆಡುವ ಕೊನೆಯವರೆಗೆ. ಬೇರೆ ರೋಗಿಗಳ ಜೊತೆಗೆ ಅವಳ ಫೋಟೋವನ್ನೂ ತೆಗೆಯಬಹುದೇ ಎಂದು ಡಾಕ್ಟರು ಅಕ್ಕನನ್ನು ಕೇಳಿದರು. “ಈ ಮಾರೀನ? ಇದನ್ನ ನೋಡಿ ನಿಮ್ಮ ನೋಡುಗ ಅಂಜೀತು” ಎಂದು ಅಕ್ಕ ಮೊದಲು ಒಪ್ಪಲಿಲ್ಲ. ಎರಡು ದಿನ ಆ ಮಾತು ಎತ್ತಲಿಲ್ಲ. ಮೂರನೆಯ ದಿನ ತಾನಾಗಿಯೇ, “ತಲಿ ಬಾಚಿ ಕೊಟ್ಟರ ತೆಗಸತೀನಿ” ಎಂದಳು. ಅಂದಿನಿಂದ ಫೋಟೋ ತೆಗೆಯುವ ಮೊದಲು ನಾನು ಅವಳ ತಲೆ ಬಾಚಿ ಹೆರಳು ಹಾಕುತ್ತಿದ್ದೆ. ಕೂದಲು ತೆಳ್ಳಗಾಗಿತ್ತು, ನೆತ್ತಿಯ ಮೇಲೂ ಗುಳ್ಳೆಗಳಿದ್ದವು, ಹಣಿಗೆಯನ್ನು ಹಗುರ ಆಡಿಸಬೇಕಾಗುತ್ತಿತ್ತು. ಅವಳು ಒಮ್ಮೆಯೂ ನೋವೆನ್ನಲಿಲ್ಲ. ಆ ಫೋಟೋಗಳು ಹಣೆಯ ಮೇಲಿನ ಕೂದಲಂಚಿನಿಂದ ಎದೆಯ ಎಲುಬಿನವರೆಗೆ ಮಾತ್ರ ಬರುತ್ತವೆ, ಹೆರಳು ಕಾಣುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಅವಳಿಗೆ ಹೇಳಲಿಲ್ಲ. ಗಡ್ಡೆ ಮತ್ತೆ ಬೆಳೆಯತೊಡಗಿತ್ತು. ಉಸಿರು ಗಿಡ್ಡವಾಯಿತು. ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಅಕ್ಕ ಹೋದಳು.

ನೋಡುಗ ಈಗ ಹೊಸದಾಗಿ ಕಲಿತಿದೆ. ಹೋದ ಸಂತೆಯ ದಿನ ನಮ್ಮ ಓಣಿಯ ಸಂಕವ್ವನಿಗೆ ಅದು ನಿಲ್ಲಿಸು ಎಂದಿತು. ಮುಖದಲ್ಲಿ ಇನ್ನೂ ಒಂದು ಗುಳ್ಳೆ ಇಲ್ಲ, ಕೆನ್ನೆ ಒಂದಿಷ್ಟು ಮಂಕು ಅಷ್ಟೇ. “ನನಗೇನಾಗೇತಿ ಧಾಡಿ” ಎಂದು ಸಂಕವ್ವ ಗಾಜಿಗೇ ಬೈದಳು. ಗುಳಿಗೆ ನಿಲ್ಲಿಸಿ ಮುಲಾಮು ಕೊಟ್ಟರು. ಈ ವಾರ ಮತ್ತೆ ಶುರು ಮಾಡಿದ್ದಾರೆ. ನಿನ್ನೆ ಉಣ್ಣಲು ಬಂದು, ಅಕ್ಕನ ಕಾಲದಲ್ಲಿ ಪಲ್ಯ ಇದಕ್ಕಿಂತ ಹೆಚ್ಚು ಹಾಕುತ್ತಿದ್ದಿರಿ ಎಂದು ಜಗಳ ತೆಗೆದಳು. ಪಲ್ಯ ಆಗಲೂ ನಾನೇ ಹಾಕುತ್ತಿದ್ದದ್ದು. ನಾನು ಇನ್ನೊಂದು ಸೌಟು ಹಾಕಿದೆ. ಎಲ್ಲರೂ ನನಗೆ ಸಮಾಧಾನ ಹೇಳುವಾಗ, ನಿಮ್ಮ ಅಕ್ಕ ಆ ಗಾಜಿನೊಳಗೆ ಕೂತು ಎಲ್ಲರನ್ನೂ ಕಾಯುತ್ತಿದ್ದಾಳೆ ಎನ್ನುತ್ತಾರೆ. ಇರಬಹುದು. ನನಗೆ ಅವಳು ಒಲೆಯ ಮುಂದೆ ಬೇಕಾಗಿತ್ತು. ರೊಟ್ಟಿ ಈಗ ಯಂತ್ರದ್ದು. ಆಳುಗಳು ಮಾತಾಡದೆ ಉಂಡು ಹೋಗುತ್ತಾರೆ.

ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಮನೆಗಳಲ್ಲಿ ಫೋಟೋಗಳಿಲ್ಲ. ಚಿತ್ರಗಳನ್ನು ಕೂಡಿಡಲು ಕರೆಂಟು ಸಾಲದೆ, ನನ್ನ ಅಜ್ಜಿಯ ಕಾಲಕ್ಕೆ ಅಗತ್ಯದವನ್ನು ಬಿಟ್ಟು ಉಳಿದವನ್ನೆಲ್ಲ ಅಳಿಸಿದರು. ಅದನ್ನು ಚಿತ್ರಬರ ಎನ್ನುತ್ತಾರೆ. ನನ್ನ ಅಕ್ಕನ ಫೋಟೋಗಳು ಇರುವುದು ತೊಗಲುಮನೆಯಲ್ಲಿ ಮಾತ್ರ. ನದಾಫ್ ಡಾಕ್ಟರು ಬೇಕಾದಾಗ ಬಂದು ನೋಡಿ ಎಂದಿದ್ದಾರೆ. ಒಮ್ಮೆ ಹೋದೆ. ಸೀಳಿದ ತುಟಿ, ಸುಲಿದ ಕೆನ್ನೆ, ಮುಲಾಮಿನ ಹೊಳಪು. ಎಲ್ಲವೂ ಸರಿಯಾಗಿ, ಸ್ಪಷ್ಟವಾಗಿ ಕಾಣುತ್ತದೆ, ಕಲಿಯುವವರಿಗೆ ಏನು ಬೇಕೋ ಅದೆಲ್ಲ ಇದೆ. ಆದರೆ ಅವಳು ನಗುವ ಒಂದೇ ಒಂದು ಚಿತ್ರ ನನ್ನ ಹತ್ತಿರ ಇಲ್ಲ. ಒಂದು ಫೋಟೋ ಎಷ್ಟು ದೊಡ್ಡದು ಎಂದು ನನಗೆ ಅಲ್ಲಿಂದ ಹೊರಗೆ ಬಂದ ಮೇಲೆ ಗೊತ್ತಾಯಿತು. ನೀವು ಯಾಕೆ ಪೌಡರ್ ಹಚ್ಚಿಕೊಂಡಿರಿ ಎಂಬುದೂ ಆಗಲೇ ಗೊತ್ತಾಯಿತು. ಸಿಟ್ಟು ಹೋಯಿತು.

ಅದಕ್ಕೇ ತಾಯಿ, ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ಈ ಕಾಗದ ಆ ದಿನಕ್ಕಿಂತ ಮೊದಲು ನಿಮ್ಮ ಕೈ ಸೇರಿದರೆ, ಆಸ್ಪತ್ರೆಗೆ ಹೊರಡುವಾಗ ಮುಖ ತೊಳೆದುಕೊಂಡು ಹಾಗೆಯೇ ಹೋಗಿರಿ. ಹಚ್ಚಿಕೊಂಡೇ ಹೋಗಿದ್ದರೆ ಅಲ್ಲಿಯ ನಲ್ಲಿಯಲ್ಲಿ ತೊಳೆದುಕೊಳ್ಳಿ, ನೀರು ಎಲ್ಲಿದೆ ಎಂದು ಕೇಳಲು ನಾಚಬೇಡಿ. ಫೋಟೋ ತೆಗೆಯುವವರು ಸಂಕೋಚದಿಂದ ಏನೂ ಹೇಳದಿದ್ದರೆ ನೀವೇ ಹೇಳಿರಿ. ಕುತ್ತಿಗೆ ತೋರಿಸಿ, ಬೆರಳು ತೋರಿಸಿ, ಎಲ್ಲಿ ಉರಿಯುತ್ತದೆಯೋ ಅಲ್ಲಿ ಕೈಯಿಟ್ಟು ಹೇಳಿರಿ. ನಿಮ್ಮ ಜೊತೆಗೆ ಸಾಲಿನಲ್ಲಿ ಕೂತ ಹೆಂಗಸರಿಗೂ ಹೇಳಿರಿ. ಆ ಒಂದು ಫೋಟೋ ನಮಗೆ ಕೊಡಿ.

ಆಮೇಲೆ ಹೊರಗೆ ಅಂಗಳಕ್ಕೆ ಬಂದು, ಚೀಲದಲ್ಲಿ ಡಬ್ಬಿ ಇದ್ದರೆ ತೆಗೆಯಿರಿ. ಹುಣ್ಣಿಲ್ಲದ ಕಡೆ ಒಂದಿಷ್ಟು ಹಚ್ಚಿಕೊಳ್ಳಿ. ಯಾರು ಜೊತೆಗೆ ಬಂದಿದ್ದಾರೋ ಅವರ ಫೋನಿನಲ್ಲಿ ಇನ್ನೊಂದು ಫೋಟೋ ತೆಗೆಸಿಕೊಳ್ಳಿ, ಈ ಸಲ ತುಟಿ ಬಿಟ್ಟು ನಕ್ಕು. ಅದು ನಿಮ್ಮ ಮನೆಯವರಿಗೆ. ಅದನ್ನು ನಾವು ಕೇಳುವುದಿಲ್ಲ.

ಮಲ್ಲಿಗೆಯನ್ನು ಮಾತ್ರ ಮೊದಲ ಫೋಟೋಕ್ಕೂ ತೆಗೆಯಬೇಡಿ. ಅದರಿಂದ ಯಾರ ಲೆಕ್ಕವೂ ತಪ್ಪುವುದಿಲ್ಲ.

ಮುಚ್ಚುಹೊತ್ತಾಯಿತು, ಬಾಗಿಲು ಹಾಕಬೇಕು.

ಇಂತಿ,
ದ್ಯಾಮವ್ವನ ತಂಗಿ ಫಕೀರವ್ವ